ಓರಗಿತ್ತಿ ಜೊತೆ ರೋಮಿನಲ್ಲಿ ಐದು ದಿನ

ಹೈಸ್ಕೂಲಿನಲ್ಲಿ 31 ವರ್ಷ ಕನ್ನಡ ಪಾಠ ಮಾಡಿದವಳು ನಾನು. ಅಷ್ಟೂ ವರ್ಷ ಏಪ್ರಿಲ್ ಅಂದರೆ ನನಗೆ ಹತ್ತನೇ ತರಗತಿಯ ಮೌಲ್ಯಮಾಪನ, ಸೆಕೆ, ಕೆಂಪು ಪೆನ್ನು ಮತ್ತು ಗಾದೆ ವಿಸ್ತರಣೆ. "ಗಾದೆಗಳು ವೇದಗಳಿಗೆ ಸಮಾನ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು" ಎಂದು ಶುರುವಾಗಿ, "ಆದ್ದರಿಂದ ಈ ಗಾದೆ ನಮ್ಮೆಲ್ಲರ ಬಾಳಿಗೆ ದಾರಿದೀಪ" ಎಂದು ಮುಗಿಯುವ ಉತ್ತರಗಳನ್ನು ಎಷ್ಟು ಸಾವಿರ ತಿದ್ದಿದೆನೋ ಲೆಕ್ಕವಿಲ್ಲ. ಹೀಗೆ ಬರೆಯಲು ಹೇಳಿಕೊಟ್ಟವಳೂ ನಾನೇ, ಆ ಮಾತು ಬೇರೆ.

ನಿವೃತ್ತಿಯಾದ ಮೇಲಿನ ಮೊದಲ ಏಪ್ರಿಲ್ ಬಂದಾಗ ಕೈಗೆ ಕೆಲಸವಿಲ್ಲದೆ ಒದ್ದಾಡುತ್ತಿದ್ದೆ. ಓರಗಿತ್ತಿಯ ಮಗ ಇಟಲಿಯ ಬೊಲೊನ್ಯದಲ್ಲಿ ಓದುತ್ತಿದ್ದಾನೆ. "ದೊಡ್ಡಮ್ಮ, ಅಮ್ಮ ಬರ್ತಿದ್ದಾಳೆ, ನೀವೂ ಬನ್ನಿ. ರೋಮ್ ತೋರಿಸ್ತೀನಿ" ಅಂದ. ವೀಸಾ, ಟಿಕೆಟ್ಟು ಎಲ್ಲ ಅವನೇ ನೋಡಿಕೊಂಡ. ನಾನು ಮಾಡಿಕೊಂಡ ತಯಾರಿ ಒಂದೇ. ಸುಯೆಟೋನಿಯಸ್, ಪ್ಲಿನಿ, ಪೆಟ್ರೋನಿಯಸ್ ಮುಂತಾದ ಹಳೆಯ ರೋಮನ್ ಬರಹಗಾರರ ಇಂಗ್ಲಿಷ್ ಅನುವಾದ ತರಿಸಿ ಓದಿ, ರೋಮನ್ನರ ಗಾದೆ ಕಂಡಲ್ಲೆಲ್ಲ 200 ಪುಟದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಓರಗಿತ್ತಿ ಮಾಡಿಕೊಂಡ ತಯಾರಿ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಹುರಿದ ಅವಲಕ್ಕಿ. ಐದು ದಿನ ಕಳೆಯುವಷ್ಟರಲ್ಲಿ ಯಾವುದು ಹೆಚ್ಚು ಉಪಯೋಗಕ್ಕೆ ಬಂತೆಂದು ಹೇಳಬೇಕಾಗಿಲ್ಲ. ಮನೆಯಲ್ಲಿ 84ರ ಅತ್ತೆಯನ್ನು ನೋಡಿಕೊಳ್ಳುವ ಭಾರ ಗಂಡಂದಿರಿಬ್ಬರಿಗೂ ಬಿತ್ತು. ಅತ್ತೆ ದಿನಾ ರಾತ್ರಿ ಫೋನ್ ಮಾಡಿ ಇಬ್ಬರಿಂದಲೂ ವರದಿ ತೆಗೆದುಕೊಳ್ಳುವುದೆಂದು ತೀರ್ಮಾನವಾಯಿತು.

ಶುಕ್ರವಾರ: ವಾಸನೆ ಇಲ್ಲದ ದುಡ್ಡು

ರೋಮಿನ ರೈಲು ನಿಲ್ದಾಣದಲ್ಲಿ ಇಳಿದ ಕೂಡಲೇ ಓರಗಿತ್ತಿ ಶೌಚಾಲಯ ಹುಡುಕಿದಳು. ಅಲ್ಲೊಂದು ಗೇಟು. ಒಂದು ಯೂರೋ ನಾಣ್ಯ ಹಾಕಿದರೆ ಮಾತ್ರ ತಿರುಗುತ್ತದೆ. "ಅಕ್ಕ, ಹತ್ತಿರ ಹತ್ತಿರ ನೂರು ರೂಪಾಯಿ! ನಮ್ಮ ಬಸ್‌ಸ್ಟ್ಯಾಂಡಲ್ಲಿ ಐದು ರೂಪಾಯಿ ಕೇಳಿದರೆ ಜಗಳ ಆಡ್ತೀವಿ" ಎಂದು ಗೊಣಗುತ್ತಲೇ ಒಳಗೆ ಹೋದಳು. ಆಮೇಲೆ ನಾವು ಕಂಡುಕೊಂಡ ಉಪಾಯವೆಂದರೆ, ಯಾವುದಾದರೂ ಕಾಫಿ ಅಂಗಡಿಗೆ ಹೊಕ್ಕು, ಕೌಂಟರಿನಲ್ಲಿ ನಿಂತೇ ಒಂದು ಎಸ್ಪ್ರೆಸ್ಸೊ ಕುಡಿದು, ಅಲ್ಲಿಯ ಶೌಚಾಲಯ ಬಳಸುವುದು. ಕೂತು ಕುಡಿದರೆ ಅದೇ ಕಾಫಿಗೆ ಬಿಲ್ಲು ಏರುತ್ತದೆ, ನಿಂತರೆ ಎರಡೂ ಕೆಲಸ ಅಗ್ಗದಲ್ಲಿ ಮುಗಿಯುತ್ತವೆ.

ಮಧ್ಯಾಹ್ನ ಫೋರಂಗೆ ಹೋದೆವು. ರೋಮಿನ ಹಳೆಯ ಪೇಟೆ, ಕಚೇರಿ, ಗುಡಿ, ನ್ಯಾಯಸ್ಥಾನ ಎಲ್ಲ ಒಂದೇ ತಗ್ಗಿನಲ್ಲಿದ್ದ ಜಾಗ. ಒಂದು ಮೂಲೆಯಲ್ಲಿ ಎಂಟು ಕಂಬ ಉಳಿದಿರುವ ಶನಿದೇವನ ಗುಡಿ ಇದೆ, ಸ್ಯಾಟರ್ನ್ ಎನ್ನುತ್ತಾರೆ. ರೋಮಿನ ಖಜಾನೆ ಇದ್ದದ್ದು ಅದರೊಳಗೆ. ಪಕ್ಕದಲ್ಲೇ ಮೂರು ಕಂಬ ಮಾತ್ರ ನಿಂತಿರುವ ಇನ್ನೊಂದು ಗುಡಿ, ವೆಸ್ಪೇಸಿಯನ್ ಚಕ್ರವರ್ತಿಯದು. ಬೆಳಗ್ಗೆಯ ಒಂದು ಯೂರೋ ನೆನಪಾಗಿ ನಾನು ಅಲ್ಲೇ ನೋಟ್‌ಬುಕ್ ತೆಗೆದೆ.

ವೆಸ್ಪೇಸಿಯನ್ ಮೂತ್ರಕ್ಕೆ ತೆರಿಗೆ ಹಾಕಿದವನು. ಆಗ ಬಟ್ಟೆ ಮಡಿ ಮಾಡುವವರಿಗೆ, ಚರ್ಮ ಹದ ಮಾಡುವವರಿಗೆ ಮೂತ್ರ ಬೇಕಾಗಿತ್ತು. ಸೋಪಿಲ್ಲದ ಕಾಲದಲ್ಲಿ ಕೊಳೆ ಬಿಡಿಸುತ್ತಿದ್ದದ್ದು ಅದೇ. ಮಗ ಟೈಟಸ್‌ಗೆ ಅಪ್ಪನ ಈ ತೆರಿಗೆ ನಾಚಿಕೆ ತಂದಿತು. ಅಪ್ಪ ಮೊದಲ ವಸೂಲಿಯಲ್ಲಿ ಬಂದ ನಾಣ್ಯವನ್ನು ಮಗನ ಮೂಗಿಗೆ ಹಿಡಿದು, "ವಾಸನೆ ಬರುತ್ತದೆಯೇ?" ಎಂದನಂತೆ. ಇಲ್ಲವೆಂದ ಮಗ. "ಆದರೂ ಇದು ಮೂತ್ರದಿಂದಲೇ ಬಂದದ್ದು ನೋಡು" ಎಂದ ಅಪ್ಪ. ಸುಯೆಟೋನಿಯಸ್ ಬರೆದಿರುವುದು ಇಷ್ಟೇ. "ಪೆಕೂನಿಯ ನೋನ್ ಓಲೆತ್", ಅಂದರೆ ದುಡ್ಡಿಗೆ ವಾಸನೆ ಇಲ್ಲ ಎಂಬ ಮಾತು ಈ ಕತೆಯ ಸಾರವಾಗಿ ನಿಂತದ್ದು ಆಮೇಲೆ. ಇಟಲಿಯಲ್ಲಿ ಬೀದಿಯ ಮೂತ್ರಾಲಯಕ್ಕೆ ವೆಸ್ಪಸಿಯಾನೊ ಎಂದೇ ಹೆಸರು ಬಿದ್ದಿತು. ಕೊಲೋಸಿಯಂ ಕಟ್ಟಲು ಶುರುಮಾಡಿದವನು ಅವನೇ. ಕ್ರಿ.ಶ. 80ರಲ್ಲಿ ಅದನ್ನು ತೆರೆದವನು ಆ ನಾಚಿದ ಮಗ. ಜನ ಆ ಮಹಾರಾಯನ ಹೆಸರಿಟ್ಟದ್ದು ಮಾತ್ರ ಮೂತ್ರಾಲಯಕ್ಕೆ.

ಓರಗಿತ್ತಿ ಕೇಳಿ, "ಹಣ ಅಂದ್ರೆ ಹೆಣಾನೂ ಬಾಯಿ ಬಿಡುತ್ತೆ ಅನ್ನೋದಕ್ಕಿಂತ ಇದು ಎಷ್ಟೋ ಮೇಲು. ಇವನು ಬರೀ ಮೂಗು ಮುಚ್ಚಿಸಿದ" ಅಂದಳು. ನಮ್ಮ ಚಂದ್ರವಳ್ಳಿಯ ಮಣ್ಣಿನಲ್ಲಿ ಅಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ವರ್ಷಾ ವರ್ಷಾ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಆ ವಿಷಯ ಹೇಳುತ್ತಿದ್ದೆ. ಆ ನಾಣ್ಯ ಇಲ್ಲಿಂದ ಅಲ್ಲಿಗೆ ಎಷ್ಟು ಕೈ ದಾಟಿತೋ, ಯಾವ ಯಾವ ವಾಸನೆ ಕಳೆದುಕೊಂಡಿತೋ.

ಎದುರಿನ ಬೆಸಿಲಿಕಾ ಜೂಲಿಯಾದ ಮೆಟ್ಟಿಲುಗಳಲ್ಲಿ ಆಟದ ಮನೆಗಳನ್ನು ಕೊರೆದಿದ್ದಾರೆ. ನ್ಯಾಯಾಲಯದ ಹೊರಗೆ ಕಾಯುವವರು ಆಡುತ್ತಿದ್ದ ಆಟ. ನಮ್ಮ ಗುಡಿಗಳ ಜಗಲಿಯ ಮೇಲಿನ ಚೌಕಾಬಾರ, ಹುಲಿಕಟ್ಟಿನ ಗೆರೆಗಳನ್ನು ಕಂಡವರಿಗೆ ಇದು ಹೊಸದಲ್ಲ. "ದಾಳ ಬಿತ್ತು" ಎಂಬ ಸೀಸರನ ಮಾತು ನೆನಪಾಗದಿರುತ್ತದೆಯೇ? ಕ್ರಿ.ಪೂ. 49ರಲ್ಲಿ ಸೈನ್ಯದೊಂದಿಗೆ ರೂಬಿಕಾನ್ ಹೊಳೆ ದಾಟಿ ಒಳಯುದ್ಧಕ್ಕೆ ಇಳಿಯುವಾಗ ಆಡಿದ್ದು. ಅವನು ಅದನ್ನು ಗ್ರೀಕಿನಲ್ಲಿ ಹೇಳಿದ ಎಂದು ಜೀವನಚರಿತ್ರೆಕಾರ ಪ್ಲುಟಾರ್ಕ್ ಬರೆಯುತ್ತಾನೆ. ಗ್ರೀಕ್ ಕವಿ ಮೆನಾಂಡರನ ನಾಟಕದ ಮಾತು ಅದು. ರೋಮಿನ ದೊಡ್ಡವರು ಗಂಭೀರ ಗಳಿಗೆಯಲ್ಲಿ ಗ್ರೀಕ್ ಆಡುವುದು, ನಮ್ಮವರು ಸಿಟ್ಟು ಬಂದಾಗ ಇಂಗ್ಲಿಷ್ ಆಡುವ ಹಾಗೆ.

ಶನಿದೇವನ ಗುಡಿಯ ಬಳಿಯೇ ಅಗಸ್ಟಸ್ ಕ್ರಿ.ಪೂ. 20ರಲ್ಲಿ ನೆಡಿಸಿದ ಬಂಗಾರದ ಮೈಲಿಗಲ್ಲು ಇತ್ತು. ಹುಡುಗ, "ದೊಡ್ಡಮ್ಮ, ಎಲ್ಲಾ ದಾರಿಗಳೂ ರೋಮಿಗೆ ಅನ್ನೋದು ಇಲ್ಲಿಂದಲೇ ಅಲ್ವಾ?" ಎಂದ. ಕಲ್ಲೇನೋ ರೋಮನ್ನರದೇ. ಆದರೆ ಗಾದೆ ಸಿಗುವುದು 12ನೇ ಶತಮಾನದಲ್ಲಿ, ಫ್ರಾನ್ಸಿನ ಅಲಾನ್ ಎಂಬ ಪಂಡಿತನ ಲ್ಯಾಟಿನ್ ಪದ್ಯದಲ್ಲಿ. ಹುಡುಗ ಹೇಳಿದ ಹಾಗೆ ಉತ್ತರಪತ್ರಿಕೆಯಲ್ಲಿ ಯಾರಾದರೂ ಬರೆದಿದ್ದರೆ ಅರ್ಧ ಅಂಕ ಕಳೆಯುತ್ತಿದ್ದೆ.

ನಡೆದು ನಡೆದು ಬಾಯಾರಿದಾಗ ಮೂಲೆಗೊಂದರಂತೆ ನಲ್ಲಿಗಳು. ಕಬ್ಬಿಣದ ಕಂಬಕ್ಕೆ ಬಾಗಿದ ಮೂತಿ. ನಸೋನೆ ಎನ್ನುತ್ತಾರೆ, ದೊಡ್ಡ ಮೂಗು ಎಂದರ್ಥ. 1874ರಿಂದ ಇವೆ, ಊರಲ್ಲಿ ಈಗ ಸುಮಾರು 2,500. ನಾವು ಬೊಗಸೆಯೊಡ್ಡಿ ಸೀರೆ ನೆನೆಸಿಕೊಳ್ಳುವುದನ್ನು ನೋಡಿದ ಮುದುಕರೊಬ್ಬರು ಬಂದು, ಮೂಗಿನ ತುದಿಯನ್ನು ಬೆರಳಿಂದ ಒತ್ತಿ ಹಿಡಿದರು. ಮೇಲಿನ ಸಣ್ಣ ತೂತಿನಿಂದ ನೀರು ಕಾರಂಜಿಯಂತೆ ಬಾಯಿಗೇ ಬಂತು. ಇಡೀ ಪ್ರವಾಸದಲ್ಲಿ ಆಮೇಲೆ ನಾವು ನೀರಿನ ಬಾಟಲಿ ಕೊಳ್ಳಲಿಲ್ಲ.

ರಾತ್ರಿ ಊಟ ಕಾಚೊ ಎ ಪೆಪೆ. ಚೀಸು, ಕರಿಮೆಣಸು, ಶಾವಿಗೆ ಅಷ್ಟೇ. ಆ ಮೆಣಸು ನಮ್ಮ ಪಡುವಣ ಕರಾವಳಿಯಿಂದ ಹಡಗು ಹತ್ತುತ್ತಿತ್ತು. ವೆಸ್ಪೇಸಿಯನ್ನನ ಕಿರಿಮಗ ಡೊಮಿಷಿಯನ್ ಫೋರಂ ಪಕ್ಕದಲ್ಲೇ ಮೆಣಸಿನ ಉಗ್ರಾಣ ಕಟ್ಟಿಸಿದ್ದ. ಬೆಳ್ಳಿ ಬಂಗಾರದಂತೆ ಇದನ್ನು ತೂಗಿ ಕೊಳ್ಳುತ್ತಾರಲ್ಲ ಎಂದು ಪ್ಲಿನಿ ಹೊಟ್ಟೆ ಉರಿದುಕೊಂಡಿದ್ದಾನೆ. ಓರಗಿತ್ತಿ ಮೇಲೆ ಚಟ್ನಿಪುಡಿ ಉದುರಿಸಿಕೊಂಡಳು.

ಶನಿವಾರ: ಒಪ್ಪತ್ತು

ರೋಮಿನಲ್ಲೂ ಇರುವ ಒಂದು ಹಳೆಯ ಪಿರಮಿಡ್ಡಿನ ಪಕ್ಕದಿಂದ ಹೊರಡುವ ಲೋಕಲ್ ರೈಲಿನಲ್ಲಿ ಊರಿನ ಬಸ್ಸಿನ ಟಿಕೆಟ್ಟೇ ಸಾಕು, ಅರ್ಧ ಗಂಟೆಗೆ ಓಸ್ತಿಯ. ರೋಮಿನ ಹಳೆಯ ಬಂದರು. ಸೋಮವಾರ ಬಾಗಿಲು ಹಾಕಿರುತ್ತದೆಂದು ಶನಿವಾರ ಇಟ್ಟುಕೊಂಡಿದ್ದೆವು. ಓರಗಿತ್ತಿಗೆ ಶನಿವಾರ ಒಪ್ಪತ್ತು. ಮದುವೆಯಾಗಿ ಬಂದಾಗಿನಿಂದ ಬಿಟ್ಟಿಲ್ಲ. ಅವಳಿಗೆ ಬೆಳಗಿನಿಂದ ಒಂದೇ ಚಿಂತೆ: ಇಲ್ಲಿ ಸೂರ್ಯ ಮುಳುಗುವುದು ಎಂಟು ಗಂಟೆಗೆ, ಊರಲ್ಲಿ ಆಗ ಮಧ್ಯರಾತ್ರಿ ಹತ್ತಿರ. ಯಾವ ಶನಿವಾರ ಲೆಕ್ಕ?

ಇದೇ ಚಿಂತೆ 4ನೇ ಶತಮಾನದಲ್ಲಿ ಒಬ್ಬ ತಾಯಿಗೆ ಬಂದಿತ್ತು. ಆಕೆ ಮೋನಿಕಾ, ಸಂತ ಅಗಸ್ಟೀನನ ತಾಯಿ. ಉತ್ತರ ಆಫ್ರಿಕಾದಿಂದ ಮಗನ ಹಿಂದೆ ಮಿಲಾನಿಗೆ ಬಂದರೆ, ಅಲ್ಲಿಯ ಜನ ಶನಿವಾರ ಉಪವಾಸ ಮಾಡುವುದಿಲ್ಲ. ಮಾಡಬೇಕೋ ಬಿಡಬೇಕೋ ತಿಳಿಯದೆ ಆಕೆ ಕಳವಳಗೊಂಡಳು. ಮಗ ಬಿಷಪ್ ಆಂಬ್ರೋಸನ ಬಳಿ ಹೋಗಿ ಕೇಳಿದ. "ನಾನು ರೋಮಿಗೆ ಹೋದಾಗ ಶನಿವಾರ ಉಪವಾಸ ಇರುತ್ತೇನೆ, ಇಲ್ಲಿದ್ದಾಗ ಇರುವುದಿಲ್ಲ. ನೀವೂ ಹೋದಲ್ಲಿಯ ಪದ್ಧತಿ ನಡೆಸಿ" ಎಂದ ಆಂಬ್ರೋಸ್. ರೋಮಿನಲ್ಲಿದ್ದಾಗ ರೋಮನ್ನರಂತಿರು ಎಂಬ ಜಗತ್ಪ್ರಸಿದ್ಧ ಗಾದೆ ಹುಟ್ಟಿದ್ದು ಹೀಗೆ, ಒಬ್ಬ ಹೆಂಗಸಿನ ಶನಿವಾರದ ಉಪವಾಸದಿಂದ. ಅಗಸ್ಟೀನ್ ಇದನ್ನು ಪತ್ರದಲ್ಲಿ ಬರೆದಿಟ್ಟ. ನಾವು ಅದನ್ನು ಉಡುಪು, ನಡವಳಿಕೆಗೆಲ್ಲ ಹಚ್ಚಿ, "ಕಾಲಕ್ಕೆ ತಕ್ಕ ಕೋಲ" ಎಂದು ಪಕ್ಕದಲ್ಲಿ ಬರೆಸಿದೆವು.

ಆ ಮೋನಿಕಾ ತೀರಿಕೊಂಡದ್ದು ಇದೇ ಓಸ್ತಿಯದಲ್ಲಿ, 387ರಲ್ಲಿ, ಊರಿಗೆ ಹೋಗುವ ಹಡಗಿಗೆ ಕಾಯುತ್ತಾ. 1945ರಲ್ಲಿ ಇಬ್ಬರು ಹುಡುಗರು ಆಟಕ್ಕೆ ಕಂಬ ನೆಡಲು ಗುಂಡಿ ತೋಡಿದಾಗ ಆಕೆಯ ಸಮಾಧಿ ಬರಹದ ತುಂಡು ಸಿಕ್ಕಿತು. ಹತ್ತಿರದ ಸಂತ ಆವ್ರೆಯಾ ಇಗರ್ಜಿಯಲ್ಲಿ ಅದಿದೆ. ಓರಗಿತ್ತಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದಳು. ಬೇಡವೆಂದರೂ ಕೇಳಲಿಲ್ಲ. ಹೊರಗೆ ಬಂದು, "ಪಾಪ, ಮಗನ್ನ ಹುಡುಕ್ಕೊಂಡು ಬಂದು ಊರು ಸೇರಲಿಲ್ಲ ನೋಡಿ" ಎಂದು ತನ್ನ ಮಗನ ಕಡೆ ನೋಡಿದಳು. ಅವನು ಫೋನಿನಲ್ಲಿ ರೈಲಿನ ಸಮಯ ನೋಡುತ್ತಿದ್ದ.

ಹಾಳೂರಿನ ಒಳಗೆ ಛತ್ರಿ ಬಿಚ್ಚಿಟ್ಟಂಥ ಪೈನ್ ಮರಗಳು. ಗಾಡಿ ಚಕ್ರ ಸವೆಸಿದ ಕಲ್ಲುಹಾದಿ. ಒಂದು ಕಡೆ ಅಮೃತಶಿಲೆಯ ಸಾರ್ವಜನಿಕ ಶೌಚಾಲಯ, ಪಕ್ಕಪಕ್ಕದಲ್ಲೇ ತೂತುಗಳು, ನಡುವೆ ಗೋಡೆಯಿಲ್ಲ. ಎಲ್ಲರೂ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾವೂ ತೆಗೆಸಿಕೊಂಡೆವು. ಈ ಫೋಟೊ ಅತ್ತೆಗೆ ಕಳಿಸಬೇಡವೆಂದು ಹುಡುಗನಿಗೆ ತಾಕೀತು ಮಾಡಿದೆ.

ನಾನು ಓಸ್ತಿಯಕ್ಕೆ ಬಂದದ್ದೇ ಸಪ್ತಜ್ಞಾನಿಗಳ ಸ್ನಾನಗೃಹಕ್ಕಾಗಿ. ಬೇಟೆಯ ಚಿತ್ರದ ದುಂಡನೆಯ ನೆಲ ದಾಟಿದರೆ ಪಕ್ಕದಲ್ಲೊಂದು ಕೋಣೆ. ಬಾಗಿಲ ಬಳಿ ಕತ್ತು ಚಾಚಿ ಕಣ್ಣು ಕತ್ತಲೆಗೆ ಒಗ್ಗುವವರೆಗೆ ನಿಂತೆ. ಕೆಂಪು ಮಾಸಿದ ಗೋಡೆ. ಮೇಲೆ ಪೀಠದ ಮೇಲೆ ಕೂತ ಗಡ್ಡದ ಹಿರಿಯರು: ಅಥೆನ್ಸಿನ ಸೋಲೊನ್, ಮಿಲೇಟಸ್ಸಿನ ಥೇಲ್ಸ್, ಸ್ಪಾರ್ಟಾದ ಖಿಲೋನ್. ನಿನ್ನನ್ನು ನೀನು ತಿಳಿ, ಯಾವುದೂ ಅತಿಯಾಗದಿರಲಿ ಎಂದೆಲ್ಲ ಉಪದೇಶಿಸಿದರೆಂದು ಗ್ರೀಸ್ ಪೂಜಿಸಿದ ಜ್ಞಾನಿಗಳು. ಸುಮಾರು ಕ್ರಿ.ಶ. 100ರ ಹೊತ್ತಿಗೆ ಓಸ್ತಿಯದ ಯಾವನೋ ಕಿಲಾಡಿ ಚಿತ್ರಗಾರ ಅವರ ತಲೆಯ ಮೇಲೆ ಬರೆದ ಉಪದೇಶವೇ ಬೇರೆ. "ಸಲೀಸಾಗಲೆಂದು ಸೋಲೊನ್ ಹೊಟ್ಟೆ ನೀವಿಕೊಂಡ." "ಗಟ್ಟಿಯಾದವರು ಮುಕ್ಕಿರಿ ಎಂದ ಥೇಲ್ಸ್." "ಸದ್ದಿಲ್ಲದೆ ಹೂಸು ಬಿಡುವುದ ಕಲಿಸಿದ ಜಾಣ ಖಿಲೋನ್." ಅವರ ಕೆಳಗೆ ಸಾಲಾಗಿ ಕೂತ ಸಾಮಾನ್ಯರ ಮಾತುಗಳೂ ಇವೆ. ಒಬ್ಬ ಇನ್ನೊಬ್ಬನಿಗೆ ಹೇಳುತ್ತಾನೆ: "ಗೆಳೆಯ, ಗಾದೆ ಮರೆತೆಯಾ? ಚೆನ್ನಾಗಿ ಹೊಟ್ಟೆ ಖಾಲಿ ಮಾಡು, ವೈದ್ಯರಿಗೆ..." ಮುಂದಿನ ಮಾತನ್ನು ಕನ್ನಡ ಮೇಷ್ಟ್ರಾಗಿದ್ದವಳು ಬರೆಯಲಾರೆ, ಓದುಗರು ಊಹಿಸಿಕೊಳ್ಳಬೇಕು.

ನನ್ನ ಕಣ್ಣು ನಿಂತದ್ದು "ಪ್ರೊವೆರ್ಬಿಯುಮ್" ಎಂಬ ಪದದ ಮೇಲೆ. ಗಾದೆ ಎಂದು ಅವರೇ ಕರೆದುಕೊಂಡಿದ್ದಾರೆ! ಪುಸ್ತಕದ ಕೊನೆಯ ಪುಟದಲ್ಲಿ ಸಂಗ್ರಹವಾದ ಸೂಕ್ತಿಯಲ್ಲ, ಗೋಡೆ ಪಕ್ಕ ಕೂತು ಒಬ್ಬರಿಗೊಬ್ಬರು ಆಡುವ ಮಾತು. "ಊಟ ಬಲ್ಲವನಿಗೆ ರೋಗವಿಲ್ಲ" ಎನ್ನುವ ನಾವು ಬಾಯಿಯ ಕಡೆಯಿಂದ ನೋಡಿದೆವು, ಇವರು ಇನ್ನೊಂದು ಕಡೆಯಿಂದ. ನಾನು ಅನುವಾದಿಸಿ ಹೇಳಿದಾಗ ಓರಗಿತ್ತಿ ಒಪ್ಪತ್ತಿನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಕ್ಕೆ ಹಿಂದಿದ್ದ ಜರ್ಮನ್ ದಂಪತಿ ಗಾಬರಿಯಾದರು.

ಅಂದು ಸಂಜೆ ಆಂಬ್ರೋಸನ ತೀರ್ಪಿನ ಪ್ರಕಾರ ಇಲ್ಲಿಯ ಗಡಿಯಾರವೇ ಸರಿ ಎಂದು ಇತ್ಯರ್ಥವಾಗಿ, ಬಾಳೆಹಣ್ಣು, ಅವಲಕ್ಕಿ, ಮೊಸರು.

ಭಾನುವಾರ: ಕುಣಿಯಲಾರದವಳು

ಭಾನುವಾರ ಹಳೆಯ ಆಪ್ಪಿಯ ದಾರಿಯಲ್ಲಿ ಕಾರುಗಳ ಕಾಟ ಕಡಿಮೆ ಎಂದು 118ನೇ ನಂಬರ್ ಬಸ್ ಹತ್ತಿದೆವು. ಬಹಳ ಹೊತ್ತು ಕಾಯಿಸಿ ಬಂತು. ಅಲ್ಲಿಗೆ ಹೋಗುವವರು ಬಸ್ಸನ್ನು ನಂಬಿ ಬೇರೆ ಕೆಲಸ ಇಟ್ಟುಕೊಳ್ಳಬಾರದು.

ಕ್ರಿ.ಪೂ. 312ರಲ್ಲಿ ಆಪ್ಪಿಯುಸ್ ಕ್ಲಾಡಿಯುಸ್ ಎಂಬಾತ ಹಾಕಿಸಲು ಶುರುಮಾಡಿದ ದಾರಿ ಇದು. ಮೊದಲು ಕಾಪುವಾದವರೆಗೆ, ಆಮೇಲೆ ಬೆಳೆದು ಬೆಳೆದು ಬ್ರಿಂದಿಸಿ ಬಂದರಿನವರೆಗೆ. ರೋಮಿಗೆ ಮೊದಲ ನೀರಿನ ಕಾಲುವೆ ತಂದವನೂ ಅವನೇ. ಮುಪ್ಪಿನಲ್ಲಿ ಕಣ್ಣು ಹೋಗಿ ಕುರುಡ ಎಂದೇ ಹೆಸರಾದ. ಲ್ಯಾಟಿನ್ ಭಾಷೆಯಲ್ಲಿ ಹೆಸರು ತಿಳಿದಿರುವ ಮೊದಲ ಬರಹಗಾರರಲ್ಲಿ ಒಬ್ಬ, ಸೂಕ್ತಿಗಳನ್ನು ಬರೆದಿದ್ದ. "ತನ್ನ ಭಾಗ್ಯಕ್ಕೆ ತಾನೇ ಕಮ್ಮಾರ" ಎಂಬುದು ಅವನದೆಂದು ಹೇಳುತ್ತಾರೆ. ಹಣೆಬರಹಕ್ಕೆ ಹೊಣೆ ಯಾರು ಎಂದು ಕೈಚೆಲ್ಲುವ ನಮಗೆ ಇದು ಸ್ವಲ್ಪ ಬಿಸಿ ಮುಟ್ಟಿಸುವ ಮಾತು. ರಸ್ತೆ ಮಾಡಿಸುವ ಕಂತ್ರಾಟುದಾರನ ಬಾಯಿಗೆ ಮಾತ್ರ ಸರಿಯಾಗಿ ಹೊಂದುತ್ತದೆ.

ಸೆಸಿಲಿಯಾ ಮೆತೆಲ್ಲಾ ಎಂಬ ರೋಮನ್ ಹೆಂಗಸಿನ ದುಂಡು ಸಮಾಧಿ ದಾಟಿದ ಮೇಲೆ ಹಳೆಯ ಕಲ್ಲು ಶುರು. ಕರಿಕಲ್ಲು, ಒಂದೊಂದೂ ರುಬ್ಬುಗುಂಡಿನ ಬೆನ್ನಿನಂತೆ ನುಣುಪು. ಎರಡೂ ಕಡೆ ಹುಲ್ಲು, ಗಸಗಸೆ ಜಾತಿಯ ಕೆಂಪು ಹೂ, ಮುರಿದ ಸಮಾಧಿಗಳು. ಊರೊಳಗೆ ಹೂಳಬಾರದೆಂಬ ಕಟ್ಟಳೆಯಿದ್ದದ್ದರಿಂದ ದಾರಿ ಬದಿಯೇ ಅವರ ರುದ್ರಭೂಮಿ. ಸತ್ತವರು ದಾರಿಹೋಕರನ್ನು ಕೂಗಿ ನಿಲ್ಲಿಸುವ ಹಾಗೆ ಸಮಾಧಿಗಳ ಮೇಲೆ ಬರೆಸುತ್ತಿದ್ದರು. ಅದರಲ್ಲೊಂದು ಸಾಲು ನನಗೆ ಬಹಳ ಇಷ್ಟ: "ಇರಲಿಲ್ಲ, ಇದ್ದೆ, ಇಲ್ಲ, ಚಿಂತೆಯಿಲ್ಲ." ಎಷ್ಟು ಜನ ಬರೆಸುತ್ತಿದ್ದರೆಂದರೆ ಕೊನೆಗೆ ಬರೀ ಮೊದಲಕ್ಷರಗಳನ್ನೇ ಕೆತ್ತುತ್ತಿದ್ದರು, ನಾವು ಮದುವೆ ಪತ್ರಿಕೆಯಲ್ಲಿ ಚಿ. ಸೌ. ಎಂದು ಹಾಕುವ ಹಾಗೆ.

ಈ ದಾರಿಗೆಂದೇ ಎತ್ತಿಟ್ಟುಕೊಂಡಿದ್ದ ಗಾದೆ ಇನ್ನೊಂದಿತ್ತು. "ಮಾತುಗಾರ ಜೊತೆಗಿದ್ದರೆ ಅವನೇ ಗಾಡಿ." ಬರೆದವನು ಪಬ್ಲಿಲಿಯುಸ್ ಸೀರುಸ್. ಸಿರಿಯಾದಿಂದ ಗುಲಾಮನಾಗಿ ಬಂದವನು, ಚುರುಕು ಮಾತಿನಿಂದಲೇ ಬಿಡುಗಡೆ ಪಡೆದು ನಗೆನಾಟಕ ಕಟ್ಟಿದ. ಕ್ರಿ.ಪೂ. 46ರಲ್ಲಿ ಸೀಸರ್ ಏರ್ಪಡಿಸಿದ ಸ್ಪರ್ಧೆಯಲ್ಲಿ ಗೆದ್ದ. ನಾಟಕಗಳೆಲ್ಲ ಹೋದವು, ಅವುಗಳಿಂದ ಹೆಕ್ಕಿದ ಸುಮಾರು 700 ಒಂಟಿ ಸಾಲುಗಳು ಅಕಾರಾದಿಯಾಗಿ ಉಳಿದವು, ಪೂರ್ತಿ ಮರ ಕಡಿದು ಎಲೆ ಒಣಗಿಸಿಟ್ಟ ಹಾಗೆ. "ಜಿಪುಣ ಸಾಯುವುದೊಂದೇ ಸರಿಯಾಗಿ ಮಾಡುವ ಕೆಲಸ" ಎಂದವನೂ ಇವನೇ. ಯಾವ ಪಾತ್ರ ಯಾರಿಗೆ ಹೇಳಿತು, ನೋಡುವವರು ನಕ್ಕರೋ ಅತ್ತರೋ, ಯಾರಿಗೂ ಗೊತ್ತಿಲ್ಲ. ಆದರೂ ಶಾಲೆಯಲ್ಲಿ ಪಾಠಕ್ಕಿಟ್ಟರು. "ರೂಢಿಯಾಗಲು ಬಿಟ್ಟಿದ್ದನ್ನು ಆಮೇಲೆ ಬೈದರೆ ಪ್ರಯೋಜನವಿಲ್ಲ" ಎಂಬ ಸಾಲನ್ನು ಹುಡುಗನಾಗಿದ್ದಾಗ ಶಾಲೆಯಲ್ಲಿ ಓದಿದೆನೆಂದು ಸಂತ ಜೆರೋಮ್ ನೆನೆಯುತ್ತಾನೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬುದನ್ನು ನಾನು ಬೋರ್ಡಿನ ಮೇಲೆ ಬರೆದಂತೆ ಅವನ ಮೇಷ್ಟ್ರೂ ಬರೆಸಿರಬೇಕು.

ನಮ್ಮ ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ಓರಗಿತ್ತಿ ನಾದಿನಿಯ ಮನೆ ಗೃಹಪ್ರವೇಶದ ಕತೆಯನ್ನು ಎರಡನೇ ಮೈಲಿಗಲ್ಲಿನಿಂದ ಎಳೆದುಕೊಂಡು ಬಂದಿದ್ದಳು. ಹೋಳಿಗೆ ಕಡಿಮೆ ಬಿದ್ದ ಜಾಗಕ್ಕೆ ಬಂದು, ಕೈ ತಿರುಗಿಸಿ ತೋರಿಸಲು ಹೋಗಿ ಎರಡು ಕಲ್ಲುಗಳ ನಡುವೆ ಕಾಲು ಹೊರಳಿಸಿಕೊಂಡು ಕೂತೇ ಬಿಟ್ಟಳು. "ಎಂಥ ಕಲ್ಲು ಹಾಕಿದಾನೆ ಕುರುಡ!" ಎಂದಳು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದೆ, ಬಾಯಿ ಸುಮ್ಮನಿರಬೇಕಲ್ಲ. ನಾನು ಎಷ್ಟೋ ಸಲ ಬರೆಸಿದ ಗಾದೆ. ಆದರೆ ನೋವಾದವರ ಎದುರಿಗೆ ಆಡಿದಾಗ ಅದಕ್ಕೆ ಎಷ್ಟು ಹಲ್ಲಿದೆ ಎಂದು ಅವತ್ತೇ ಕಂಡದ್ದು. ಅವಳು ಮಾತು ನಿಲ್ಲಿಸಿದಳು. 26 ವರ್ಷದಲ್ಲಿ ಅವಳು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ನೋಡಿರಲಿಲ್ಲ.

ಅದೇ ಹೊತ್ತಿಗೆ ಮಳೆ ಬಂತು. ಪೈನ್ ಮರದ ಕೆಳಗೆ ಮೂವರೂ ಒಂದೇ ಕೊಡೆಯಲ್ಲಿ ನಿಂತೆವು. ಗಾಡಿಯಿಲ್ಲದ ದಾರಿ ಎಷ್ಟು ಉದ್ದವೆಂದು ಆಮೇಲೆ ಬಸ್ ನಿಲ್ದಾಣದವರೆಗೆ ನಡೆಯುವಾಗ ತಿಳಿಯಿತು. ನಾನು ಎರಡು ಸಲ ಗೃಹಪ್ರವೇಶಕ್ಕೆ ಎಷ್ಟು ಜನ ಬಂದಿದ್ದರು ಎಂದು ಕೇಳಿದೆ. "ಸುಮಾರು ಜನ" ಎಂದಳು.

ನಾವಿದ್ದ ಮನೆಯ ಒಡತಿ ಅವಳ ಕಾಲು ನೋಡಿದವಳೇ ಬಿಸಿನೀರಿನ ಟಬ್ಬು, ಒಂದು ಹಿಡಿ ಕಲ್ಲುಪ್ಪು ತಂದಿಟ್ಟಳು. ಹಿಂದಿನ ಎರಡು ದಿನ ನಮ್ಮ ಲೋಟಗಳ ಜೊತೆ ಅವಳ ಮನೆಯ ಪಾತ್ರೆಯನ್ನೂ ಓರಗಿತ್ತಿ ತೊಳೆದಿಟ್ಟಿದ್ದಳು, ಸಿಂಕಿನಲ್ಲಿ ಎಂಜಲು ಪಾತ್ರೆ ಕಂಡರೆ ಅವಳಿಗೆ ನಿದ್ದೆ ಬರುವುದಿಲ್ಲ. ಬೇಡವೆಂದು ನಾವು ಸಂಕೋಚಪಟ್ಟಾಗ ಒಡತಿ ಎರಡೂ ಕೈ ಉಜ್ಜಿ ತೋರಿಸಿ, "ಊನ ಮಾನೊ ಲಾವ ಲಾಲ್ತ್ರ" ಅಂದಳು. ಹುಡುಗ ಅನುವಾದಿಸುವ ಮೊದಲೇ ನನಗೆ ತಿಳಿಯಿತು. ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಇತ್ತು: "ಮಾನುಸ್ ಮಾನುಮ್ ಲಾವತ್", ಕೈ ಕೈಯನ್ನು ತೊಳೆಯುತ್ತದೆ. ಪೆಟ್ರೋನಿಯಸ್ಸಿನ ಕತೆಯಲ್ಲಿ, ತತ್ವಜ್ಞಾನಿ ಸೆನೆಕಾನ ಲೇವಡಿಯಲ್ಲಿ ಬರುವ ಮಾತು. ಲಂಚ ರುಷುವತ್ತಿನ ವಿಚಾರಕ್ಕೇ ಹೆಚ್ಚು ಆಡುತ್ತಾರೆಂದು ನಾನು ಬರೆದುಕೊಂಡಿದ್ದೆ. ಇಲ್ಲಿ ಟಬ್ಬಿನ ಮುಂದೆ ಮಂಡಿಯೂರಿದ ಹೆಂಗಸು ಹೇಳುತ್ತಿದ್ದಳು. ಅಡಿಟಿಪ್ಪಣಿಯನ್ನು ಹೊಡೆದು ಹಾಕಿದೆ.

ಸೋಮವಾರ: ಶತಾವರಿ ಬೇಯುವಷ್ಟರಲ್ಲಿ

ಅವಳು ಕಾಲು ಚಾಚಿ ಮಲಗಿದ್ದಳು. ನಾನು ಹುಡುಗನ ಜೊತೆ ತೆಸ್ತಾಚ್ಚೊ ಮಾರುಕಟ್ಟೆಗೆ ಹೋಗಿ ಬಂದೆ. ಹಿಂದೆ ಕಾಣುವ ಗುಡ್ಡ ಮಣ್ಣಿನದಲ್ಲ, ಎಣ್ಣೆ ತಂದ ಹೂಜಿಗಳನ್ನು ಒಡೆದು ರಾಶಿ ಹಾಕಿದ್ದು, ಸುಮಾರು 35 ಮೀಟರ್ ಎತ್ತರ. ಅಂಗಡಿಗಳಲ್ಲಿ ಹಸಿರು ಶತಾವರಿ ಚಿಗುರಿನ, ಅಂದರೆ ಆಸ್ಪರಾಗಸ್‌ನ ಕಟ್ಟುಗಳು. ಅಗಸ್ಟಸ್ ಚಕ್ರವರ್ತಿ ಬೇಗ ಎನ್ನಬೇಕಾದಾಗ "ಶತಾವರಿ ಬೇಯುವುದಕ್ಕಿಂತ ಬೇಗ" ಎನ್ನುತ್ತಿದ್ದನಂತೆ. "ನಿಧಾನವಾಗಿ ಅವಸರಿಸು" ಎಂದವನೂ ಅವನೇ. ಸಾಲ ತೀರಿಸದವರನ್ನು ಕಂಡರೆ "ಗ್ರೀಕರ ಕಲೆಂಡ್ಸಿಗೆ ಕೊಡುತ್ತಾರೆ" ಎನ್ನುತ್ತಿದ್ದ. ಕಲೆಂಡ್ಸ್ ಅಂದರೆ ರೋಮನ್ನರ ತಿಂಗಳ ಮೊದಲ ದಿನ, ಬಾಕಿ ಚುಕ್ತಾ ಮಾಡುವ ದಿನ. ಗ್ರೀಕರಲ್ಲಿ ಆ ದಿನವೇ ಇಲ್ಲ. ನಮ್ಮ ಹಳ್ಳಿ ಬಾಗಿಲುಗಳ ಮೇಲೆ "ನಾಳೆ ಬಾ" ಎಂದು ಬರೆದದ್ದನ್ನು ನೋಡಿದವರಿಗೆ ಈ ತಮಾಷೆ ವಿವರಿಸಬೇಕಿಲ್ಲ.

ತರಕಾರಿಯವನು ಎಷ್ಟು ಹೊತ್ತು ಬೇಯಿಸಬೇಕೆಂದು ಬೆರಳೆಣಿಸಿ ತೋರಿಸಿದ. ಒಡತಿಯ ಅಡುಗೆಮನೆಯಲ್ಲಿ ಗಡಿಯಾರ ಹಿಡಿದು ನೋಡಿದೆ: ಸಣ್ಣ ಚಿಗುರು, ನಾಲ್ಕು ನಿಮಿಷ. ತೆಂಗಿನಕಾಯಿ ಸಿಗದೆ ಚಟ್ನಿಪುಡಿಯಲ್ಲೇ ಪಲ್ಯ ಮಾಡಿ ಓರಗಿತ್ತಿಗೆ ಬಡಿಸಿದೆ. "ಉಪ್ಪು ಸಾಲದು ಅಕ್ಕ" ಎಂದಳು. ಮಾತು ವಾಪಸ್ಸು ಬಂತಲ್ಲ ಎಂದು ಖುಷಿಯಾಯಿತು.

ಮಂಗಳವಾರ: ನಾಯಿ ಇದೆ

ಕಾಲಿಗೆ ಕ್ರೇಪ್ ಬ್ಯಾಂಡೇಜು ಸುತ್ತಿಕೊಂಡೇ ಪೊಂಪೈಗೆ ಬರುತ್ತೇನೆಂದು ಹಟ ಹಿಡಿದಳು. ನೇಪಲ್ಸ್‌ವರೆಗೆ ವೇಗದ ರೈಲು, ಅಲ್ಲಿಂದ ಗೀಚು ಬರಹ ತುಂಬಿದ ಹಳೆಯ ಸಣ್ಣ ರೈಲು. ದಿನಕ್ಕೆ 20,000 ಜನರನ್ನಷ್ಟೇ ಬಿಡುತ್ತಾರೆ, ಟಿಕೆಟ್ಟಿನ ಮೇಲೆ ಹೆಸರಿರುತ್ತದೆ. ಹುಡುಗ ನನ್ನ ಹೆಸರನ್ನು ಇನಿಷಿಯಲ್ ಹಾಕಿ ಬರೆದಿದ್ದ, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದಿದೆ. ಬಾಗಿಲಲ್ಲಿದ್ದವನು ಎರಡನ್ನೂ ನೋಡಿ, ನನ್ನ ಬಿಳಿ ಕೂದಲು ನೋಡಿ, ಬಿಟ್ಟ. ನೀವು ಹೋದರೆ ಪಾಸ್‌ಪೋರ್ಟಿನಲ್ಲಿದ್ದಂತೆಯೇ ಬರೆಸಿ, ಬೆಳಗ್ಗೆಯೇ ಹೋಗಿ. ಒಳಗೆ ನೆರಳಿಲ್ಲ.

ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಊರಿನ ಬಗ್ಗೆ ಬರೆಯದವರಿಲ್ಲ. ನಾನು ನೋಡಿದ್ದು ಬರೀ ಬಾಗಿಲು ಮತ್ತು ಗೋಡೆ. ಒಂದು ಮನೆಯ ಹೊಸಿಲಲ್ಲಿ "ಸ್ವಾಗತ, ಲಾಭವೇ" ಎಂದು ನೆಲಕ್ಕೇ ಬರೆಸಿದ್ದಾರೆ. ನಮ್ಮ ಅಂಗಡಿಗಳ ಶುಭ ಲಾಭ. ಇನ್ನೊಂದು ಮನೆಯ ಊಟದ ಕೋಣೆಯ ಗೋಡೆಯ ಮೇಲೆ ಅತಿಥಿಗಳಿಗೆ ಕಟ್ಟಳೆಗಳಿದ್ದವು, ಅದಕ್ಕೇ ನೀತಿವಂತನ ಮನೆ ಎಂದು ಹೆಸರು. ಕಾಲು ತೊಳೆದು ಬನ್ನಿ, ಹಾಸಿದ ಬಟ್ಟೆ ಜೋಪಾನ. ಇನ್ನೊಬ್ಬನ ಹೆಂಡತಿಯನ್ನು ಆಸೆಗಣ್ಣಿಂದ ನೋಡಬೇಡ. ಜಗಳವಾಡಬೇಡ, ಆಡಲೇಬೇಕಿದ್ದರೆ ನಿನ್ನ ಮನೆಗೆ ನಡೆ. ಆ ಮನೆಗೆ ಯಾರು ಎರಡನೇ ಸಲ ಊಟಕ್ಕೆ ಹೋಗುತ್ತಿದ್ದರೋ!

ದುರಂತ ಕವಿಯ ಮನೆ ಎಂಬಲ್ಲಿ ಜನವೋ ಜನ. ಹೊಸಿಲಲ್ಲಿ ಕಪ್ಪು ಬಿಳಿ ಹರಳಿನ ನಾಯಿ, ಸರಪಳಿ ಜಗ್ಗಿ ಹಲ್ಲು ಕಿರಿಯುತ್ತಿದೆ. ಕೆಳಗೆ "ಕಾವೆ ಕಾನೆಮ್", ನಾಯಿ ಇದೆ ಎಚ್ಚರಿಕೆ. ಪೆಟ್ರೋನಿಯಸ್ಸಿನ ಕತೆಯಲ್ಲಿ ತ್ರಿಮಾಲ್ಖಿಯೋ ಎಂಬ ಹೊಸ ಸಾಹುಕಾರನ ಮನೆ ಬಾಗಿಲಲ್ಲಿ ಬರೆದ ಇಂಥದೇ ನಾಯಿಯನ್ನು ಕಂಡು ಅತಿಥಿಯೊಬ್ಬ ಹೆದರಿ ಹಿಂದಕ್ಕೆ ಬೀಳುತ್ತಾನೆ. ಆ ಔತಣದಲ್ಲಿ ಕೂತವರಲ್ಲಿ ಬಹಳ ಜನ ಗುಲಾಮಗಿರಿಯಿಂದ ಬಿಡುಗಡೆಯಾದವರು, ಮಾತಿಗೊಂದು ಗಾದೆ ಹಾಕುವವರು. "ಕತ್ತೆಗೆ ಹೊಡೆಯಲಾರದವನು ತಡಿಗೆ ಹೊಡೆದನಂತೆ" ಎನ್ನುತ್ತಾನೆ ಅವರಲ್ಲೊಬ್ಬ.

ಇದನ್ನು ಓರಗಿತ್ತಿಗೆ ಹೇಳಿದ್ದೇ ತಡ, ಬಿಸಿಲು, ಬ್ಯಾಂಡೇಜು ಎಲ್ಲ ಮರೆತು ಅಲ್ಲೇ ಚಪ್ಪಾಳೆ ತಟ್ಟಿದಳು. "ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ! ಅಕ್ಕ, ಅವರಿಗೆ ಕತ್ತೆ, ನಮಗೆ..." ಎಂದು ಅರ್ಧಕ್ಕೆ ನಿಲ್ಲಿಸಿದಳು. ಮಗ ಪಕ್ಕದಲ್ಲಿದ್ದ.

ಬೆಸಿಲಿಕಾದಲ್ಲಿ ಗೋಡೆ ಬೋಳು. ಇಲ್ಲಿ ಒಂದು ಕಾಲಕ್ಕೆ ಸಂದಿಯಿಲ್ಲದಷ್ಟು ಗೀಚಿದ್ದರು: ಪ್ರೇಮ, ಬೈಗುಳ, ಲೆಕ್ಕ. ಅದರ ಮಧ್ಯೆ ಯಾರೋ ಎರಡು ಸಾಲಿನ ಪದ್ಯ ಬರೆದಿದ್ದ: "ಗೋಡೆಯೇ, ಇಷ್ಟು ಜನ ಬರೆಯುವವರ ಬೇಸರ ಹೊತ್ತೂ ನೀನಿನ್ನೂ ಕುಸಿದು ಬೀಳಲಿಲ್ಲವಲ್ಲ, ಆಶ್ಚರ್ಯ!" ಊರಿನಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಇದೇ ಪದ್ಯ ಸಿಕ್ಕಿದೆ. ಗೋಡೆಯ ಮೇಲೆ ಬರೆಯುವವರನ್ನು ಬೈಯಲು ಗೋಡೆಯೇ ಬೇಕಾಯಿತು. ಮೌಲ್ಯಮಾಪನದ ಕೋಣೆ, ತಿರುಗಿಯೂ ತಿರುಗದ ಫ್ಯಾನು, ಕಟ್ಟು ಕಟ್ಟು ದಾರಿದೀಪಗಳು ಕಣ್ಮುಂದೆ ಬಂದು ನಾನು ಆ ಬೋಳು ಗೋಡೆಗೆ ಒರಗಿ ಸ್ವಲ್ಪ ಹೊತ್ತು ನಿಂತೆ. ಕಾವಲುಗಾರ ಬಂದು ಒರಗಬೇಡಿ ಎಂದ.

ಹೊರಗೆ ಅಂಗಡಿ ಸಾಲಿನಲ್ಲಿ ಓರಗಿತ್ತಿ ನಾಯಿ ಚಿತ್ರದ ಟೈಲ್ಸನ್ನು ಚೌಕಾಸಿ ಮಾಡಿ ಕೊಂಡಳು. "ನಮ್ಮ ಮನೇಲಿ ನಾಯಿ ಎಲ್ಲಿದೆ?" ಎಂದೆ. "ಇರಲಿ ಬಿಡಿ ಅಕ್ಕ" ಎಂದು ಸೀರೆಯಲ್ಲಿ ಸುತ್ತಿ ಕೈಚೀಲದಲ್ಲಿಟ್ಟುಕೊಂಡಳು.

ಈಗ ಅದು ಚಿತ್ರದುರ್ಗದ ನಮ್ಮ ಮನೆಯ ಬಾಗಿಲ ಪಕ್ಕದಲ್ಲಿದೆ. ಹಚ್ಚಿದ ದಿನ ಅತ್ತೆ ಕೋಲೂರಿಕೊಂಡು ಬಂದು, ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಏನೇ ಬರೆದಿದೆ ಇದರಲ್ಲಿ?"

"ಸುಸ್ವಾಗತ ಅಂತ, ಅತ್ತೆ. ರೋಮ್ ಭಾಷೇಲಿ" ಎಂದಳು ಓರಗಿತ್ತಿ.

ಅತ್ತೆ ನಾಯಿಯ ಹಲ್ಲುಗಳನ್ನು ಇನ್ನೊಮ್ಮೆ ನೋಡಿ, ನನ್ನ ಕಡೆ ತಿರುಗಿದರು. ನಾನು ಕಾಫಿಗೆ ಹಾಲು ಇಟ್ಟಿದ್ದೇನೆಂದು ಒಳಗೆ ಬಂದೆ.